ಬ್ರಾಂಟೆಯೂ ಇರಲಿ, ಎಮೆಚೆಟಾ ಅವರೂ ಇರಲಿ: ಆಕ್ಷೇಪಗಳಿಗೆ ಉತ್ತರ

ಪಶ್ಚಿಮ ಆಫ್ರಿಕಾದಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳು ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗೆ ಕೂರಬೇಕಾದರೆ ಆಫ್ರಿಕಾದ ಕೃತಿಗಳನ್ನೂ ಹೊರಗಿನ ಕೃತಿಗಳನ್ನೂ ಸರಿಸಮವಾಗಿ ಓದಬೇಕು. ಆ ಕ್ರಮ ಒಳ್ಳೆಯದು, ಅದನ್ನು ಉಳಿಸಿಕೊಳ್ಳಬೇಕು ಎಂದು ನಾನು ಬರೆದಿದ್ದೆ. ಬಂದ ಪ್ರತಿಕ್ರಿಯೆಗಳಲ್ಲಿ ಮೆಚ್ಚುಗೆಗಿಂತ ತಕರಾರೇ ಹೆಚ್ಚು. ತಕರಾರು ಎತ್ತಿದವರು ಓದಿಕೊಂಡವರು, ಪಾಠ ಹೇಳಿದವರು. ಲಾಗೋಸ್, ಅಕ್ರಾಗಳಲ್ಲಿ ವರ್ಷಗಟ್ಟಲೆ ದುಡಿದು ಬಂದ ಕನ್ನಡಿಗರೂ ಅವರಲ್ಲಿದ್ದಾರೆ. ಒಂದು ಸಾಲಿನ ಉತ್ತರ ಅವರ ಮಾತಿಗೆ ಸಾಲದು. ಒಂದೊಂದನ್ನೇ ತೆಗೆದುಕೊಳ್ಳುತ್ತೇನೆ.

ಪರೀಕ್ಷೆ ಹೇಗಿದೆ ಎಂಬುದು ಮೊದಲು ಸ್ಪಷ್ಟವಾಗಲಿ. ಪಶ್ಚಿಮ ಆಫ್ರಿಕಾ ಪರೀಕ್ಷಾ ಮಂಡಳಿ ಹುಟ್ಟಿದ್ದು 1952ರಲ್ಲಿ. ಆಗಿನ್ನೂ ಬ್ರಿಟಿಷರ ಕೈಯಲ್ಲಿದ್ದ ನೈಜೀರಿಯಾ, ಗೋಲ್ಡ್ ಕೋಸ್ಟ್ ಅಂದರೆ ಈಗಿನ ಘಾನಾ, ಸಿಯೆರಾ ಲಿಯೋನ್, ಗ್ಯಾಂಬಿಯಾ ಈ ನಾಲ್ಕಕ್ಕೆ ಸೇರಿ ಒಂದೇ ಮಂಡಳಿ. 1974ರಲ್ಲಿ ಲೈಬೀರಿಯಾ ಬಂದು ಸೇರಿತು. ಕೇಂದ್ರ ಕಚೇರಿ ಅಕ್ರಾದಲ್ಲಿದೆ. ಸಾಹಿತ್ಯ ಎಲ್ಲರಿಗೂ ಕಡ್ಡಾಯವಲ್ಲ, ಆರಿಸಿಕೊಂಡವರಿಗೆ ಮಾತ್ರ. ಆರಿಸಿಕೊಂಡರೆ ಮೂರು ಪ್ರಶ್ನೆಪತ್ರಿಕೆಗಳು. ಮೊದಲನೆಯದರಲ್ಲಿ 50 ಬಹುಆಯ್ಕೆ ಪ್ರಶ್ನೆಗಳು; ಅವುಗಳಲ್ಲಿ 20 ನಿಗದಿಯಾದ ಷೇಕ್ಸ್‌ಪಿಯರ್ ನಾಟಕದ ಮೇಲೆ. ಎರಡನೆಯದು ಕಾದಂಬರಿಗೆ: ಆಫ್ರಿಕಾದ ಎರಡು, ಆಫ್ರಿಕೇತರ ಎರಡು, ಒಂದೊಂದು ವಿಭಾಗದಿಂದ ಒಂದೊಂದು ಪ್ರಬಂಧ. ಮೂರನೆಯದು ನಾಟಕ ಮತ್ತು ಕವಿತೆಗೆ, ಅಲ್ಲೂ ಇದೇ ಹಂಚಿಕೆ. ಪಠ್ಯಪಟ್ಟಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ನಾನು ಮಾತಾಡುತ್ತಿರುವುದು 2021ರಿಂದ 2025ರವರೆಗೆ ಜಾರಿಯಲ್ಲಿದ್ದ ಪಟ್ಟಿಯ ಬಗ್ಗೆ.

ಎಲ್ಲಕ್ಕಿಂತ ಬಿಸಿಯಾಗಿ ಬಂದ ಆಕ್ಷೇಪ ಇದು: ಸ್ವಾತಂತ್ರ್ಯ ಬಂದು ಅರವತ್ತು ವರ್ಷ ದಾಟಿದರೂ ನೈಜೀರಿಯಾದ ಇಬಾದಾನಿನ ಹುಡುಗಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಬೀಳುನೆಲದ ಕಥೆ ಓದುವುದು ಗುಲಾಮಗಿರಿಯ ಮುಂದುವರಿಕೆ, ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಇದನ್ನು 1968ರಲ್ಲೇ ಹೇಳಿದ್ದರು, ಆಫ್ರಿಕಾದ ಪರೀಕ್ಷೆಯಲ್ಲಿ ಆಫ್ರಿಕಾದ ಸಾಹಿತ್ಯವಷ್ಟೇ ಸಾಕು.

ಗೂಗಿಯವರ ಹೆಸರು ಹೇಳುವವರು ಅವರು ಬೇಡಿದ್ದೇನು ಎಂಬುದನ್ನೂ ಹೇಳಬೇಕು. 1968ರಲ್ಲಿ ನೈರೋಬಿ ವಿಶ್ವವಿದ್ಯಾಲಯದಲ್ಲಿ ಗೂಗಿ, ತಬಾನ್ ಲೊ ಲಿಯಾಂಗ್ ಮತ್ತು ಹೆನ್ರಿ ಒವುವೊರ್ ಅನ್ಯುಂಬಾ ಮೂವರೂ ಸೇರಿ ಇಂಗ್ಲಿಷ್ ವಿಭಾಗವನ್ನೇ ಮುಚ್ಚಬೇಕೆಂದು ಬರೆದುಕೊಟ್ಟರು. ಅದು ನಿಜ. ಆದರೆ ಷೇಕ್ಸ್‌ಪಿಯರನನ್ನೋ ಟಾಲ್‌ಸ್ಟಾಯ್‌ನನ್ನೋ ಓದಬಾರದು ಎಂದು ಅವರು ಕೇಳಲಿಲ್ಲ. ಆಫ್ರಿಕಾದ ಮೌಖಿಕ ಪರಂಪರೆ ಮತ್ತು ಬರವಣಿಗೆ ನಡುವೆ ನಿಲ್ಲಲಿ. ಕೆರಿಬಿಯನ್, ಕಪ್ಪು ಅಮೆರಿಕ, ಯೂರೋಪು, ಏಷ್ಯಾ ಎಲ್ಲವೂ ಅದರ ಸುತ್ತ ಬರಲಿ. ಹೊರಗಿನದನ್ನು ನಮ್ಮ ಜಾಗದಲ್ಲಿ ನಿಂತು ನೋಡೋಣ ಎಂಬುದು ಅವರ ಬೇಡಿಕೆ. ಮಧ್ಯದಲ್ಲಿ ಯಾರಿರಬೇಕು ಎಂಬುದು ಅವರ ಜಗಳವಾಗಿತ್ತು. ಯಾರನ್ನು ಹೊರಗೆ ಹಾಕಬೇಕು ಎಂಬ ಜಗಳವನ್ನು ಅವರ ತಲೆಗೆ ಕಟ್ಟಿದವರು ಆಮೇಲಿನವರು.

ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚೆಬೆಯವರನ್ನೂ ಇದೇ ವಾದಕ್ಕೆ ಕರೆತಂದಿದ್ದಾರೆ. 1975ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಅಚೆಬೆ ಮಾಡಿದ ಉಪನ್ಯಾಸ ಜೋಸೆಫ್ ಕಾನ್ರಾಡನ 'ಹಾರ್ಟ್ ಆಫ್ ಡಾರ್ಕ್‌ನೆಸ್' ಕಾದಂಬರಿಯ ಜನಾಂಗದ್ವೇಷವನ್ನು ಬಯಲಿಗೆಳೆಯಿತು. ಕಾನ್ರಾಡನನ್ನು ಸಾಲುಸಾಲಾಗಿ ಓದಿದವರು ಮಾತ್ರ ಕೊಡಬಹುದಾದ ಉತ್ತರ ಅದು. ಅದಕ್ಕೂ ಹಿಂದೆ, ಇಬಾದಾನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಜಾಯ್ಸ್ ಕ್ಯಾರಿ ಎಂಬ ಆಂಗ್ಲೋ-ಐರಿಷ್ ಲೇಖಕ ನೈಜೀರಿಯಾದ ಬಗ್ಗೆ ಬರೆದ 'ಮಿಸ್ಟರ್ ಜಾನ್ಸನ್' ಓದಿ ಅಚೆಬೆ ಮತ್ತು ಅವರ ಸಹಪಾಠಿಗಳು ಸಿಟ್ಟಾದರು. ನಮ್ಮ ಕಥೆಯನ್ನು ನಾವೇ ಹೇಳಬೇಕೆಂಬ ಹಟ ಅಚೆಬೆಯವರಲ್ಲಿ ಬಲಿತದ್ದರಲ್ಲಿ ಆ ಸಿಟ್ಟಿನ ಪಾಲು ದೊಡ್ಡದು. 1958ರಲ್ಲಿ 'ಥಿಂಗ್ಸ್ ಫಾಲ್ ಅಪಾರ್ಟ್' ಬಂತು. ಅದರ ಶೀರ್ಷಿಕೆ ಯೇಟ್ಸ್ ಕವಿಯದು. 1960ರ 'ನೋ ಲಾಂಗರ್ ಅಟ್ ಈಸ್' ಶೀರ್ಷಿಕೆ ಟಿ.ಎಸ್. ಎಲಿಯಟ್‌ನ 'ಜರ್ನಿ ಆಫ್ ದ ಮ್ಯಾಜೈ' ಕವಿತೆಯದು. ಎಲಿಯಟ್‌ನ ಆ ಕವಿತೆ ಇದೇ ಪಟ್ಟಿಯ ಆಫ್ರಿಕೇತರ ವಿಭಾಗದಲ್ಲಿದೆ. ಅದನ್ನು ಕಿತ್ತುಹಾಕಿದರೆ ಅಚೆಬೆಯವರ ಕೈಗೆ ಬಂದಿದ್ದ ಒಂದು ಸಲಕರಣೆಯನ್ನು ಅವರ ಮೊಮ್ಮಕ್ಕಳಿಂದ ಕಸಿದುಕೊಂಡಂತೆ. ಹೊರಗಿನದನ್ನು ಓದಿದವರು ಅದರ ಅಡಿಯಾಳಾಗುತ್ತಾರೆ ಎಂಬ ಭಯಕ್ಕೆ ಅಚೆಬೆಯವರ ಬದುಕೇ ಉತ್ತರ.

ಷೇಕ್ಸ್‌ಪಿಯರನ ಮಾತೂ ಹಾಗೆಯೇ. ಅವನನ್ನು ಆಫ್ರಿಕಾದ ಮೇಲೆ ಹೇರಲಾಯಿತು, ಒಪ್ಪುತ್ತೇನೆ. ಆದರೆ ಹೇರಿಸಿಕೊಂಡವರು ಸುಮ್ಮನೆ ಕೂರಲಿಲ್ಲ. ದಕ್ಷಿಣ ಆಫ್ರಿಕಾದ ಸಾಲ್ ಪ್ಲಾಟ್ಯೆ 1930ರಲ್ಲಿ 'ಕಾಮೆಡಿ ಆಫ್ ಎರರ್ಸ್' ನಾಟಕವನ್ನು ಸೆಟ್ಸ್ವಾನಾ ನುಡಿಗೆ ತಂದರು. ತಾಂಜಾನಿಯಾದ ಜೂಲಿಯಸ್ ನೈರೇರೆ ದೇಶ ಆಳುತ್ತಲೇ 'ಜೂಲಿಯಸ್ ಸೀಸರ್' ಮತ್ತು 'ಮರ್ಚೆಂಟ್ ಆಫ್ ವೆನಿಸ್' ನಾಟಕಗಳನ್ನು ಸ್ವಾಹಿಲಿಗೆ ತಂದರು. ಸಿಯೆರಾ ಲಿಯೋನಿನ ಥಾಮಸ್ ಡೆಕರ್ ಅದೇ 'ಜೂಲಿಯಸ್ ಸೀಸರ್' ನಾಟಕವನ್ನು ಬೀದಿಯ ನುಡಿಯೆಂದು ಹೀಗಳೆಯಲ್ಪಟ್ಟಿದ್ದ ಕ್ರಿಯೋ ಭಾಷೆಯಲ್ಲಿ ಆಡಿಸಿದರು. ಅದರಿಂದ ಗೌರವ ಹೆಚ್ಚಿದ್ದು ಕ್ರಿಯೋ ಭಾಷೆಗೆ. ರಾಬೆನ್ ದ್ವೀಪದ ಜೈಲಿನಲ್ಲಿ ಭಾರತೀಯ ಮೂಲದ ಕೈದಿ ಸನ್ನಿ ವೆಂಕಟರತ್ನಂ ತಮ್ಮ ಷೇಕ್ಸ್‌ಪಿಯರ್ ಸಂಪುಟಕ್ಕೆ ದೇವರ ಪಟಗಳಿದ್ದ ದೀಪಾವಳಿ ಕಾರ್ಡುಗಳನ್ನು ಅಂಟಿಸಿ, ಇದು ನನ್ನ ಧರ್ಮಗ್ರಂಥ ಎಂದು ಕಾವಲಿನವರಿಂದ ಕಾಪಾಡಿಕೊಂಡರು. ಆ ಪುಸ್ತಕ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ತಮಗೆ ಹಿಡಿಸಿದ ಸಾಲುಗಳ ಪಕ್ಕ ಸಹಿ ಹಾಕಿದರು. 1977ರ ಡಿಸೆಂಬರ್ 16ರಂದು 'ಜೂಲಿಯಸ್ ಸೀಸರ್' ಪುಟದಲ್ಲಿ ನೆಲ್ಸನ್ ಮಂಡೇಲಾ ಸಹಿ ಹಾಕಿದರು. ಕುವೆಂಪು 'ಹ್ಯಾಮ್ಲೆಟ್' ಅನ್ನು 'ರಕ್ತಾಕ್ಷಿ'ಯಾಗಿ, 'ಟೆಂಪೆಸ್ಟ್' ಅನ್ನು 'ಬಿರುಗಾಳಿ'ಯಾಗಿ ಕನ್ನಡದ ನೆಲಕ್ಕೆ ಇಳಿಸಿದ್ದನ್ನು ಬಲ್ಲ ಓದುಗರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ತನ್ನ ಭಾಷೆಯ ಮೇಲೆ ಅಂಥ ಹಿಡಿತವೂ ಪ್ರೀತಿಯೂ ಇದ್ದವರು ಹೊರಗಿನದಕ್ಕೆ ಹೆದರಲಿಲ್ಲ.

ಇನ್ನು ಆ ಆಫ್ರಿಕೇತರ ವಿಭಾಗದೊಳಗೆ ಯಾರಿದ್ದಾರೆ ಎಂದು ಆಕ್ಷೇಪ ಎತ್ತಿದವರಲ್ಲಿ ಎಷ್ಟು ಜನ ನೋಡಿದ್ದಾರೆ? ಕಾದಂಬರಿ ಎರಡು: ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್', ರಾಲ್ಫ್ ಎಲಿಸನ್‌ರ 'ಇನ್‌ವಿಸಿಬಲ್ ಮ್ಯಾನ್'. ನಾಟಕ ಎರಡು: ಜಾನ್ ಆಸ್ಬರ್ನ್‌ರ 'ಲುಕ್ ಬ್ಯಾಕ್ ಇನ್ ಆ್ಯಂಗರ್', ಆಗಸ್ಟ್ ವಿಲ್ಸನ್‌ರ 'ಫೆನ್ಸಸ್'. ಕವಿಗಳಲ್ಲಿ ಜಾನ್ ಡನ್, ಹಾಪ್ಕಿನ್ಸ್, ಲಾರೆನ್ಸ್ ಜೊತೆಗೆ ಮಾಯಾ ಏಂಜೆಲೊ. ಎಲಿಸನ್, ವಿಲ್ಸನ್, ಏಂಜೆಲೊ ಮೂವರೂ ಅಮೆರಿಕದ ಕಪ್ಪು ಲೇಖಕರು. ಇದೇ ಪಶ್ಚಿಮ ಆಫ್ರಿಕಾದ ಕರಾವಳಿಯಿಂದ ಹಡಗಿಗೆ ತುಂಬಿ ಒಯ್ಯಲ್ಪಟ್ಟವರ ಮರಿಮಕ್ಕಳು. ಏಂಜೆಲೊ 1960ರ ದಶಕದ ಮೊದಲ ವರ್ಷಗಳಲ್ಲಿ ಘಾನಾದಲ್ಲೇ ವಾಸವಾಗಿದ್ದವರು. ಹೊರಗಿನವರೆಲ್ಲ ಬೇಡ ಎಂದರೆ ಇವರಿಗೂ ಬಾಗಿಲು ಮುಚ್ಚುತ್ತದೆ. ಗುಲಾಮರನ್ನು ಕೂಡಿಹಾಕುತ್ತಿದ್ದ ಘಾನಾದ ಕೇಪ್ ಕೋಸ್ಟ್ ಕೋಟೆಯ ನೆರಳಲ್ಲಿ ಬೆಳೆದ ಹುಡುಗನಿಗೆ, ಆ ಕೋಟೆಯಿಂದ ಹೊರಟವರ ಮುಂದಿನ ಕಥೆ ಓದುವುದು ವಿದೇಶಿ ವ್ಯಾಮೋಹವೆ?

ಬ್ರಾಂಟೆಯ ಕಾದಂಬರಿಯನ್ನೂ ಅಷ್ಟು ಸುಲಭವಾಗಿ ಬಿಳಿಯರ ಮನೆಯ ಕಥೆ ಎಂದು ಪಕ್ಕಕ್ಕೆ ಸರಿಸಲಾಗದು. ಹೀತ್‌ಕ್ಲಿಫ್ ಎಂಬ ಅನಾಥ ಹುಡುಗ ಸಿಕ್ಕಿದ್ದು ಲಿವರ್‌ಪೂಲಿನ ಬೀದಿಯಲ್ಲಿ. ಕಥೆ ನಡೆಯುವ 18ನೇ ಶತಮಾನದ ಕೊನೆಯ ದಶಕಗಳಲ್ಲಿ ಲಿವರ್‌ಪೂಲ್ ಬ್ರಿಟನ್ನಿನ ಗುಲಾಮ ವ್ಯಾಪಾರದ ಮುಖ್ಯ ಬಂದರು. ಹುಡುಗನ ಮೈಬಣ್ಣ ಕಪ್ಪು, ಭಾಷೆ ಯಾರಿಗೂ ತಿಳಿಯದು. ಅವನು ಲಾಸ್ಕರ್ ಇರಬಹುದೇ ಎಂದು ನೆರೆಯವರು ಊಹಿಸುತ್ತಾರೆ. ಲಾಸ್ಕರ್ ಎಂದರೆ ನಮ್ಮ ಕಡೆಯಿಂದ ಹೋದ ಹಡಗಿನಾಳು. ಊರು ಕೇರಿ ಗೊತ್ತಿಲ್ಲದ ಕಪ್ಪು ಹುಡುಗನನ್ನು ಒಂದು ಮನೆ ಹೇಗೆ ಕಂಡಿತು, ಅವನು ಅದಕ್ಕೆ ಹೇಗೆ ಸೇಡು ತೀರಿಸಿಕೊಂಡ ಎಂಬುದನ್ನು ಫ್ರೀಟೌನಿನ ಅಥವಾ ಲಾಗೋಸಿನ ವಿದ್ಯಾರ್ಥಿ ಓದಿದಾಗ, ಇಂಗ್ಲೆಂಡಿನ ವಿದ್ಯಾರ್ಥಿಗೆ ಕಾಣದ್ದು ಅವರಿಗೆ ಕಾಣುತ್ತದೆ. ಆ ಓದಿನಿಂದ ಬ್ರಾಂಟೆಗೇ ಲಾಭ.

ಎರಡನೆಯ ಆಕ್ಷೇಪ ಎದುರು ದಿಕ್ಕಿನದು. ನಿವೃತ್ತ ಪ್ರಾಧ್ಯಾಪಕರೊಬ್ಬರು ಬರೆದಿದ್ದಾರೆ: ಆಫ್ರಿಕಾದ ಕೃತಿಗಳನ್ನು ಸೇರಿಸಿರುವುದು ಕೋಟಾ ತುಂಬಲು; ಮಕ್ಕಳಿಗೆ ಒಳ್ಳೆಯ ಇಂಗ್ಲಿಷ್ ಬರಬೇಕಾದರೆ ಮಹಾಕೃತಿಗಳನ್ನೇ ಓದಿಸಬೇಕು. ಈ ಮಾತು ನನಗೆ ನೋವು ತಂದಿತು. ಪಟ್ಟಿಯಲ್ಲಿರುವ, ನೈಜೀರಿಯಾದ ವೋಲೆ ಸೋಯಿಂಕಾ ಅವರ 'ದ ಲಯನ್ ಆ್ಯಂಡ್ ದ ಜ್ಯುವೆಲ್' ಕೋಟಾದಿಂದ ಬಂದ ನಾಟಕವೆ? 1959ರಲ್ಲಿ ಇಬಾದಾನಿನಲ್ಲಿ ರಂಗಕ್ಕೆ ಬಂದ, ಹಾಡು ಕುಣಿತ ಮೂಕಾಭಿನಯಗಳಿಂದ ತುಂಬಿದ ಆ ನಾಟಕ ಇವತ್ತಿಗೂ ಶಾಲೆಯ ಅಂಗಳದಲ್ಲಿ ನಿಲ್ಲುತ್ತದೆ. ಅದನ್ನು ಬರೆದವರು ಲೀಡ್ಸ್‌ನಲ್ಲಿ ಷೇಕ್ಸ್‌ಪಿಯರ್ ವಿದ್ವಾಂಸ ಜಿ. ವಿಲ್ಸನ್ ನೈಟ್ ಅವರಲ್ಲಿ ಓದಿದವರು. 1986ರಲ್ಲಿ ಆಫ್ರಿಕಾಕ್ಕೆ ಸಾಹಿತ್ಯದ ಮೊದಲ ನೊಬೆಲ್ ತಂದವರು.

ನಾನು ಎಂಬತ್ತರ ದಶಕದಲ್ಲಿ ನೈಜೀರಿಯಾದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಹುಡುಗಿಯರು ಈ ನಾಟಕವನ್ನು ವಾರ್ಷಿಕೋತ್ಸವಕ್ಕೆ ಆಡಿದರು. ಲಕುನ್ಲೆ ಎಂಬ ಶಾಲಾ ಮೇಷ್ಟ್ರು ಅರೆಬೆಂದ ಪಾಶ್ಚಾತ್ಯ ವಿಚಾರಗಳನ್ನು ಉದುರಿಸುತ್ತ, ತೆರ ಕೊಡಲು ಒಪ್ಪದೆ ಸಿದಿಯನ್ನು ಒಲಿಸಲು ಹೊರಡುತ್ತಾನೆ. ಇನ್ನೊಂದು ಕಡೆ ರೈಲುಹಳಿ ಊರೊಳಗೆ ಬಾರದಂತೆ ಲಂಚ ಕೊಟ್ಟು ತಡೆದ ಮುದಿ ಮುಖಂಡ ಬರೋಕಾ. ಸಿದಿ ಬರೋಕಾನನ್ನು ಆರಿಸಿಕೊಂಡದ್ದು ಸರಿಯೇ ಎಂದು ಆ ಹುಡುಗಿಯರು ತಾಲೀಮು ಮುಗಿದ ಮೇಲೂ ವಾದ ಮಾಡುತ್ತಿದ್ದರು. ಅವನು ಅವಳನ್ನು ಗೆದ್ದದ್ದು ಮೋಸದಿಂದ ಎಂದು ಕೆಲವರು, ಲಕುನ್ಲೆಗೆ ಅವಳ ಮೇಲೆ ಇದ್ದದ್ದು ಪ್ರೀತಿಯೇ ಅಲ್ಲ ಎಂದು ಕೆಲವರು. ನಮ್ಮ ಸಂಪ್ರದಾಯ ಒಳ್ಳೆಯದು, ಹೊರಗಿನದು ಕೆಟ್ಟದ್ದು ಎಂಬ ಸುಲಭದ ಗೆರೆಯನ್ನು ಸೋಯಿಂಕಾ ಎಳೆದುಕೊಡುವುದಿಲ್ಲ. ಮೊದಲ ಆಕ್ಷೇಪದವರು ಹೆದರುವ ಅನುಕರಣೆಯ ಮನುಷ್ಯನೂ ಆ ನಾಟಕದಲ್ಲಿದ್ದಾನೆ, ಎರಡನೆಯ ಆಕ್ಷೇಪದವರು ಇಲ್ಲವೆನ್ನುವ ಕಲೆಯೂ ಇದೆ.

ಪಟ್ಟಿಯ ಎಲ್ಲ ಕೃತಿಗಳೂ ಒಂದೇ ತೂಕದವು ಎಂದು ನಾನು ಹೇಳುವುದಿಲ್ಲ. ಅದಕ್ಕೂ ಹಿಂದಿನ ಪಟ್ಟಿಯಲ್ಲಿದ್ದ ಫ್ರಾಂಕ್ ಒಗ್ಬೆಚೆಯವರ 'ಹಾರ್ವೆಸ್ಟ್ ಆಫ್ ಕರಪ್ಶನ್' ನಾಟಕದಲ್ಲಿ ಕಲೆಗಿಂತ ಉಪದೇಶ ಹೆಚ್ಚು. ಅದೇ ಪಟ್ಟಿಯ ಆಫ್ರಿಕೇತರ ವಿಭಾಗದಲ್ಲಿದ್ದ ಪೇಶನ್ಸ್ ಸ್ವಿಫ್ಟ್‌ರ 'ದ ಲಾಸ್ಟ್ ಗುಡ್‌ಮ್ಯಾನ್' ಕೂಡ ರಿಚರ್ಡ್ ರೈಟ್‌ರ 'ನೇಟಿವ್ ಸನ್' ಪಕ್ಕ ನಿಲ್ಲುವ ಕಾದಂಬರಿಯಲ್ಲ. ಸಾಧಾರಣ ಪುಸ್ತಕ ಎರಡೂ ಕಡೆ ಇರುತ್ತದೆ. ಅದನ್ನು ಒಂದೊಂದೇ ಪುಸ್ತಕವಾಗಿ ತೂಗಿ ತೆಗೆಯಬೇಕು; ಒಂದು ಖಂಡವನ್ನೇ ಸಾಧಾರಣ ಎನ್ನುವ ಹಕ್ಕು ಯಾರಿಗೂ ಇಲ್ಲ.

ಮೂರನೆಯದು ನಾನು ಅತ್ಯಂತ ಗೌರವಿಸುವ ಆಕ್ಷೇಪ. ಇಂಗ್ಲಿಷಿನಲ್ಲಿ ಬರೆದದ್ದನ್ನು ಆಫ್ರಿಕಾದ ಸಾಹಿತ್ಯ ಎನ್ನಬೇಕೆ? ಯೊರುಬಾ, ಇಗ್ಬೊ, ಹೌಸಾ, ಟ್ವಿ ಭಾಷೆಗಳು ಇರುವಾಗ ಈ ಸಮಪಾಲೆಲ್ಲ ಇಂಗ್ಲಿಷ್ ಮನೆಯೊಳಗಿನ ಹಂಚಿಕೆ ತಾನೆ? ಕನ್ನಡ ಮಾಧ್ಯಮಕ್ಕಾಗಿ ಹೋರಾಡಿದ ಓದುಗರೊಬ್ಬರು ಇದನ್ನು ಕೇಳಿದ್ದಾರೆ. ಪ್ರಶ್ನೆ ಹಳೆಯದು. 1962ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ನರ ಸಮ್ಮೇಳನ ನಡೆದಾಗ, ಈ ದಾರಿ ಮುಂದೆ ಎಲ್ಲಿಗೂ ಹೋಗದು ಎಂದು ನೈಜೀರಿಯಾದ ಒಬಿ ವಾಲಿ ಮರುವರ್ಷವೇ ಬರೆದರು. ಗೂಗಿ ಜೈಲಿನಲ್ಲಿ ಶೌಚದ ಕಾಗದದ ಮೇಲೆ ಗಿಕುಯು ಭಾಷೆಯಲ್ಲಿ ಕಾದಂಬರಿ ಬರೆದು, ಮುಂದೆ ಇಂಗ್ಲಿಷ್ ಕಾದಂಬರಿ ಬರೆಯುವುದನ್ನೇ ಬಿಟ್ಟರು.

ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ಏನು ಮಾಡಬೇಕು ಎಂಬಲ್ಲಿ ನಮ್ಮ ದಾರಿ ಬೇರೆ. ಯೊರುಬಾ, ಇಗ್ಬೊ, ಹೌಸಾ ಮತ್ತು ಘಾನಾದ ಭಾಷೆಗಳು ಇದೇ ಮಂಡಳಿಯ ಪರೀಕ್ಷೆಯಲ್ಲಿ ಬೇರೆ ವಿಷಯಗಳಾಗಿ ಇವೆ. ಅವುಗಳಿಗೆ ಬಲ ಬರಬೇಕು, ಒಳ್ಳೆಯ ಮೇಷ್ಟ್ರುಗಳು ಬರಬೇಕು. ಇಂಗ್ಲಿಷ್ ಪತ್ರಿಕೆಯಿಂದ ನೈಜೀರಿಯಾದ ಕಾದಂಬರಿಕಾರ್ತಿ ಬುಚಿ ಎಮೆಚೆಟಾ ಅವರನ್ನು ತೆಗೆದರೆ ಯೊರುಬಾಕ್ಕೆ ಒಂದು ಅಂಕವೂ ಹೆಚ್ಚುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಇಂಗ್ಲಿಷ್ ಸಾಹಿತ್ಯ ಎಂದು ಕರೆಸಿಕೊಳ್ಳುವ ಈ ಪರೀಕ್ಷೆಯಲ್ಲಿ ಈಗಾಗಲೇ ಅನುವಾದಗಳಿವೆ. ಸೆನೆಗಲ್ಲಿನ ಸೆಂಗೋರ್ 'ಬ್ಲ್ಯಾಕ್ ವುಮನ್' ಬರೆದದ್ದು ಫ್ರೆಂಚಿನಲ್ಲಿ. ಅಂಗೋಲಾದ ಅಗೊಸ್ಟಿನ್ಹೊ ನೆಟೊ 'ದ ಗ್ರೀವ್ಡ್ ಲ್ಯಾಂಡ್ಸ್' ಬರೆದದ್ದು ಪೋರ್ಚುಗೀಸಿನಲ್ಲಿ. ಇಬ್ಬರೂ ಸ್ವತಂತ್ರಗೊಂಡ ತಮ್ಮ ತಮ್ಮ ದೇಶಗಳ ಮೊದಲ ಅಧ್ಯಕ್ಷರು. ಪ್ಯಾರಿಸ್ಸಿನ ಭಾಷೆಯಿಂದ, ಲಿಸ್ಬನ್ನಿನ ಭಾಷೆಯಿಂದ ಅನುವಾದವಾಗಿ ಬಂದದ್ದು ಪಠ್ಯವಾಗಬಹುದಾದರೆ ಯೊರುಬಾದಿಂದ ಬಂದದ್ದು ಏಕಾಗಬಾರದು? ಡಿ.ಒ. ಫಗುನ್ವಾ 1938ರಲ್ಲಿ ಯೊರುಬಾದಲ್ಲಿ ಬರೆದ ಬೇಟೆಗಾರನ ಅದ್ಭುತ ಕಥೆಯನ್ನು ಸೋಯಿಂಕಾ ಅವರೇ 1968ರಲ್ಲಿ 'ದ ಫಾರೆಸ್ಟ್ ಆಫ್ ಎ ಥೌಸಂಡ್ ಡೀಮನ್ಸ್' ಎಂದು ಇಂಗ್ಲಿಷಿಗೆ ತಂದಿದ್ದಾರೆ. ಗೂಗಿ ಅವರ ಗಿಕುಯು ಕಾದಂಬರಿ ಅವರದೇ ಅನುವಾದದಲ್ಲಿ 'ಡೆವಿಲ್ ಆನ್ ದ ಕ್ರಾಸ್' ಎಂದು ಸಿಗುತ್ತದೆ. ಆಫ್ರಿಕಾದ ವಿಭಾಗದಲ್ಲಿ ಪ್ರತಿ ಬಾರಿಯೂ ಒಂದು ಕೃತಿ ಆಫ್ರಿಕಾದ ಭಾಷೆಯಿಂದಲೇ ಬರಬೇಕು ಎಂದು ನಿಯಮ ಮಾಡಲಿ. ಒಬಿ ವಾಲಿಯವರ ಕೊರಗು ಪೂರ್ತಿ ತೀರದಿದ್ದರೂ ಪಠ್ಯಪಟ್ಟಿಯಲ್ಲಿ ಅದಕ್ಕೆ ಮೊದಲ ಉತ್ತರ ಸಿಕ್ಕಂತಾಗುತ್ತದೆ.

ಹದಿನಾರು ಹದಿನೇಳರ ಮಕ್ಕಳಿಗೆ ಇಂಥ ವಸ್ತು ಬೇಡ ಎಂಬುದು ನಾಲ್ಕನೆಯದು. ಎಮೆಚೆಟಾ ಅವರ 'ಸೆಕೆಂಡ್ ಕ್ಲಾಸ್ ಸಿಟಿಜನ್' ಕಾದಂಬರಿಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುತ್ತಾನೆ, ಗರ್ಭನಿರೋಧಕಕ್ಕಾಗಿ ಹೆಂಡತಿ ಗಂಡನ ಸಹಿಯನ್ನು ತಾನೇ ಹಾಕುತ್ತಾಳೆ, ಅವಳು ಬರೆದ ಕಾದಂಬರಿಯ ಹಸ್ತಪ್ರತಿಯನ್ನು ಅವನು ಸುಟ್ಟುಹಾಕುತ್ತಾನೆ. ಇದನ್ನು ತರಗತಿಯಲ್ಲಿ ಹೇಗೆ ಓದಿಸುವುದು ಎಂದು ಕೇಳಿದ್ದಾರೆ. ಬುಚಿ ಎಮೆಚೆಟಾ ಅವರಿಗೇ ಮದುವೆಯಾದಾಗ ಹದಿನಾರು ವರ್ಷ. ಆ ವಯಸ್ಸಿನ ಹುಡುಗಿಗೆ ಬದುಕಿನಲ್ಲಿ ಆಗಬಹುದಾದದ್ದನ್ನು ಅದೇ ವಯಸ್ಸಿನ ಹುಡುಗಿ ಪುಸ್ತಕದಲ್ಲಿ ಓದಬಾರದು ಎಂದರೆ ಕಾಪಾಡಿದ್ದು ಯಾರನ್ನು? ಹುಡುಗರೂ ಅದನ್ನು ಓದಬೇಕು, ಇನ್ನೂ ಮುಖ್ಯವಾಗಿ ಓದಬೇಕು.

ವಿಜ್ಞಾನ ಓದುವವರಿಗೆ ಇದೆಲ್ಲ ಏಕೆ ಎಂಬ ಪ್ರಶ್ನೆಗೆ ಉತ್ತರ ಆಗಲೇ ಕೊಟ್ಟಿದ್ದೇನೆ: ಇದು ಆಯ್ಕೆಯ ವಿಷಯ. ಮುಂದಕ್ಕೆ ಹೋಗೋಣ.

ಪುಸ್ತಕದ ಖರ್ಚಿನ ಮಾತು ನಿಜವಾದ ಮಾತು. ಷೇಕ್ಸ್‌ಪಿಯರ್ ಸೇರಿ ಒಂಬತ್ತು ಪುಸ್ತಕಗಳು, ಮೇಲೆ ಹನ್ನೆರಡು ಕವಿತೆಗಳು. ಹಳ್ಳಿಯ ಶಾಲೆಯಲ್ಲಿ ಒಂದೇ ಪ್ರತಿಯನ್ನು ತರಗತಿಯೆಲ್ಲ ಹಂಚಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಈ ಹೊರೆಯನ್ನು ಇಳಿಸಬೇಕು. ಪ್ರತಿ ವಿಭಾಗಕ್ಕೆ ಎರಡರ ಬದಲು ಒಂದು ಪುಸ್ತಕ ಸಾಕು. ಹೇಗೂ ವಿದ್ಯಾರ್ಥಿ ಉತ್ತರ ಬರೆಯುವುದು ಒಂದರ ಮೇಲೆ. ಉಳಿಯುವ ಹಣದಲ್ಲಿ ಶಾಲೆಯ ಕಪಾಟಿಗೆ ಅದೇ ಪುಸ್ತಕದ ಹೆಚ್ಚು ಪ್ರತಿಗಳು ಬರಲಿ. ಆದರೆ ಖರ್ಚಿನ ನೆಪ ಹೇಳಿ ಅರ್ಧಭಾಗವನ್ನೇ ಕತ್ತರಿಸುವುದು, ಅದೂ ಯಾವ ಅರ್ಧ ಎಂದು ತಮ್ಮ ತಮ್ಮ ಒಲವಿಗೆ ತಕ್ಕಂತೆ ಕತ್ತರಿಸುವುದು, ಬಡ ಮಕ್ಕಳಿಗೆ ಮಾಡುವ ಉಪಕಾರವಲ್ಲ. ಉಳ್ಳವರ ಮಕ್ಕಳು ಎರಡೂ ಅರ್ಧಗಳನ್ನು ಮನೆಯಲ್ಲೇ ಓದಿಕೊಳ್ಳುತ್ತಾರೆ.

ಕೊನೆಯ ದೊಡ್ಡ ಆಕ್ಷೇಪ: ಯಾರೂ ಪುಸ್ತಕ ಓದುವುದಿಲ್ಲ, ಗೈಡು ಓದಿ ಬರೆಯುತ್ತಾರೆ, ಪಟ್ಟಿಯಲ್ಲಿ ಯಾರಿದ್ದರೇನು? ನಮ್ಮ ಪಿಯುಸಿ ತರಗತಿಗಳನ್ನು ಬಲ್ಲವರಿಗೆ ಈ ದೂರು ಹೊಸದಲ್ಲ. ಪಶ್ಚಿಮ ಆಫ್ರಿಕಾದ ಮುಖ್ಯ ಪರೀಕ್ಷಕರ ವರದಿಗಳೂ ಇದನ್ನೇ ಮತ್ತೆ ಮತ್ತೆ ಹೇಳುತ್ತವೆ: ಪ್ರಶ್ನೆ ಏನೇ ಇರಲಿ, ವಿದ್ಯಾರ್ಥಿಗಳು ಕಥೆಯನ್ನು ಒಪ್ಪಿಸಿ ಎದ್ದುಬಿಡುತ್ತಾರೆ. ಆದರೆ ಇದಕ್ಕೆ ಮಕ್ಕಳನ್ನು ದೂರುವ ಮೊದಲು ಪ್ರಶ್ನೆಪತ್ರಿಕೆಯನ್ನು ನೋಡಬೇಕು. ಷೇಕ್ಸ್‌ಪಿಯರನ ಮೇಲೆ ಪ್ರಬಂಧವೇ ಇಲ್ಲ. ನಿಗದಿಯಾದ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ಪೂರ್ತಿ ಓದಿದವನೂ, ಯಾರು ಯಾರಿಗೆ ಯಾವಾಗ ಹೇಳಿದ್ದು ಎಂದು ಉರುಹೊಡೆದವನೂ ಒಂದೇ ಗುರುತು ಹಾಕಿ ಬರುತ್ತಾರೆ. ಷೇಕ್ಸ್‌ಪಿಯರನನ್ನು ಇಟ್ಟುಕೊಳ್ಳುವುದಾದರೆ ಅವನ ಬಗ್ಗೆ ಯೋಚಿಸಿ ಬರೆಯಲು ಬಿಡಬೇಕು. ಹೀಗೆ ಗುರುತು ಹಾಕಿಸುವುದಕ್ಕಿಂತ ಅವನನ್ನು ಬಿಡುವುದೇ ಮೇಲು.

ಪ್ರಬಂಧದ ಪತ್ರಿಕೆಗಳ ದೋಷ ಇನ್ನೂ ಆಳದ್ದು. ಆಫ್ರಿಕಾದ್ದಕ್ಕೆ ಒಂದು ಪ್ರಶ್ನೆ, ಆಫ್ರಿಕೇತರಕ್ಕೆ ಒಂದು ಪ್ರಶ್ನೆ. ಎರಡರ ನಡುವೆ ಗೋಡೆ. ಎರಡನ್ನೂ ಒಟ್ಟಿಗೆ ನೋಡು ಎಂದು ಯಾವ ಪ್ರಶ್ನೆಯೂ ಕೇಳುವುದಿಲ್ಲ. ಎರಡನ್ನೂ ಓದಿಸುವುದರ ಫಲವೇ ಅಲ್ಲಿ ಕಳೆದುಹೋಗುತ್ತದೆ. ನಾನು ಈ ವ್ಯವಸ್ಥೆಯ ಪರವಾಗಿ ವಾದಿಸುವುದು ಅದು ಈಗಿರುವಂತೆಯೇ ಇರಲಿ ಎಂದಲ್ಲ. ಆ ಗೋಡೆಯನ್ನು ಒಡೆಯಬೇಕು.

ಒಡೆದರೆ ಏನು ಕಾಣುತ್ತದೆ? 'ಲುಕ್ ಬ್ಯಾಕ್ ಇನ್ ಆ್ಯಂಗರ್' 1956ರಲ್ಲಿ ಲಂಡನ್ನಿನ ರಂಗಕ್ಕೆ ಬಂತು. ಇಕ್ಕಟ್ಟಿನ ಅಟ್ಟದ ಕೋಣೆ, ದೇಶ ತನಗೇನೂ ಕೊಡಲಿಲ್ಲ ಎಂದು ಕುದಿಯುವ ಜಿಮ್ಮಿ ಪೋರ್ಟರ್, ಆ ಸಿಟ್ಟಿನ ಕಾವನ್ನೆಲ್ಲ ಇಸ್ತ್ರಿ ಹಾಕುತ್ತ ಉಣ್ಣುವ ಹೆಂಡತಿ ಆಲಿಸನ್. ಕೆಲವೇ ವರ್ಷಗಳ ಆಚೆ ಅದೇ ಇಂಗ್ಲೆಂಡಿನ ಬಾಡಿಗೆ ಕೋಣೆಯಲ್ಲಿ, ಕಪ್ಪು ಜನರಿಗೆ ಮನೆ ಕೊಡುವುದಿಲ್ಲ ಎಂಬ ಬೋರ್ಡುಗಳ ನಡುವೆ, ಎಮೆಚೆಟಾ ಅವರ ಅದಾ ಇದ್ದಾಳೆ. ಅವಳ ಗಂಡ ಫ್ರಾನ್ಸಿಸ್ ಕೂಡ ಸೋತವನು, ಅವನೂ ಸೋಲಿನ ಸೇಡನ್ನು ಹೆಂಡತಿಯ ಮೇಲೆ ತೀರಿಸಿಕೊಳ್ಳುವವನು. ಇಬ್ಬರು ಗಂಡಸರ ಸಿಟ್ಟು ಎಲ್ಲಿ ಒಂದು, ಎಲ್ಲಿ ಬೇರೆ? ಆಲಿಸನ್ ಮರಳಿ ಬರುತ್ತಾಳೆ, ಅದಾ ಬಿಟ್ಟು ಹೊರಡುತ್ತಾಳೆ, ಏಕೆ? ಈ ಪ್ರಶ್ನೆಗೆ ಯಾವ ಗೈಡಿನಲ್ಲೂ ಸಿದ್ಧ ಉತ್ತರವಿಲ್ಲ. ಎರಡೂ ಪುಸ್ತಕ ಓದಿದವರು ಮಾತ್ರ ಬರೆಯಬಲ್ಲರು.

ಇಂಥ ಜೋಡಿಗಳು ಈ ಪಟ್ಟಿಯಲ್ಲಿ ಬೇಕಾದಷ್ಟಿವೆ. ಬೇಸ್‌ಬಾಲಿನಲ್ಲಿ ಮೈಬಣ್ಣದ ಕಾರಣಕ್ಕೆ ಅವಕಾಶ ಕಳೆದುಕೊಂಡು ಕಸದ ಗಾಡಿಯಲ್ಲಿ ದುಡಿಯುವ 'ಫೆನ್ಸಸ್'ನ ಟ್ರಾಯ್ ಮ್ಯಾಕ್ಸನ್ ತನ್ನ ಮಗನಿಗೆ ಫುಟ್‌ಬಾಲ್ ಮೂಲಕ ಕಾಲೇಜು ಸೇರುವ ದಾರಿಯನ್ನು ತಾನೇ ಮುಚ್ಚುತ್ತಾನೆ. ಬರೋಕಾ ಊರಿಗೆ ಬರುವ ರೈಲನ್ನು ತಡೆಯುತ್ತಾನೆ. ಹೊಸದನ್ನು ತಡೆಯುವ ಇಬ್ಬರು ಹಿರಿಯರಲ್ಲಿ ಒಬ್ಬನ ಹಟ ನೋವಿನದು, ಇನ್ನೊಬ್ಬನದು ಅಧಿಕಾರದ್ದು. ಅಲೆಕ್ಸ್ ಅಗ್ಯೈ ಅಗಿರಿಯವರ 'ಅನ್‌ಎಕ್ಸ್‌ಪೆಕ್ಟೆಡ್ ಜಾಯ್ ಅಟ್ ಡಾನ್' ಕಾದಂಬರಿಯ ಹಿಂದೆ 1969ರಲ್ಲಿ ಘಾನಾ ನೈಜೀರಿಯನ್ನರನ್ನೂ 1983ರಲ್ಲಿ ನೈಜೀರಿಯಾ ಘಾನಾದವರನ್ನೂ ಹೊರದಬ್ಬಿದ ಇತಿಹಾಸವಿದೆ. ಕಪ್ಪು ಜನರೇ ಕಪ್ಪು ಜನರನ್ನು ಪರದೇಶಿ ಎಂದು ಅಟ್ಟಿದ ಆ ಕಥೆಯನ್ನು, ತನ್ನದೇ ದೇಶದಲ್ಲಿ ಯಾರ ಕಣ್ಣಿಗೂ ಬೀಳದವನಾದ ಎಲಿಸನ್‌ರ ನಾಯಕನ ಜೊತೆ ಓದಿದರೆ, ಆಫ್ರಿಕಾ ಎಂದರೆ ಶೋಷಿತ, ಹೊರಗಿನವರೆಂದರೆ ಶೋಷಕ ಎಂಬ ಸರಳ ಲೆಕ್ಕ ನಿಲ್ಲುವುದಿಲ್ಲ. ಆ ಲೆಕ್ಕ ನಿಲ್ಲದಿರುವುದೇ ಒಳ್ಳೆಯದು.

ಇದೆಲ್ಲ ದೂರದ ಊರಿನ ಮಾತು, ಕನ್ನಡದ ಪತ್ರಿಕೆಯಲ್ಲಿ ಏಕೆ ಎಂದೂ ಒಬ್ಬರು ಕೇಳಿದ್ದಾರೆ. ಕರ್ನಾಟಕದ ದ್ವಿತೀಯ ಪಿಯುಸಿ ಇಂಗ್ಲಿಷ್ ಪಠ್ಯದಲ್ಲಿ ಅಚೆಬೆಯವರ 'ದ ವೋಟರ್' ಕಥೆಯನ್ನು ನಮ್ಮ ಮಕ್ಕಳು ಓದಿದ್ದಾರೆ. ಎರಡೂ ಕಡೆಯಿಂದ ದುಡ್ಡು ತೆಗೆದುಕೊಂಡು ಮತಪತ್ರವನ್ನು ಎರಡಾಗಿ ಹರಿದು ಹಾಕುವ ರೂಫ್‌ನನ್ನು ಅರ್ಥಮಾಡಿಕೊಳ್ಳಲು ಮಂಡ್ಯದ ಅಥವಾ ಬಳ್ಳಾರಿಯ ವಿದ್ಯಾರ್ಥಿಗೆ ಯಾವ ಟಿಪ್ಪಣಿಯೂ ಬೇಕಾಗಲಿಲ್ಲ. ಪ್ರಥಮ ಪಿಯುಸಿಯಲ್ಲಿ ಕೆನ್ಯಾದ ಜೊಮೊ ಕೆನ್ಯಾಟಾರ ಆನೆ ಮತ್ತು ಗುಡಿಸಲಿನ ಕಥೆಯೂ ಇತ್ತು, ಅದರ ಜೊತೆಗೇ ತೇಜಸ್ವಿಯವರ ಬರಹವೂ ಇತ್ತು, ವಿಲಿಯಂ ಬ್ಲೇಕ್‌ನ 'ದ ಸ್ಕೂಲ್ ಬಾಯ್' ಕವಿತೆಯೂ ಇತ್ತು. ಬ್ಲೇಕ್‌ನ ಅದೇ ಕವಿತೆ 2016ರಿಂದ 2020ರವರೆಗಿನ ಪಶ್ಚಿಮ ಆಫ್ರಿಕಾದ ಪಟ್ಟಿಯಲ್ಲೂ ಇತ್ತು. ಒಂದೇ ಕವಿತೆಯನ್ನು ಕುಮಾಸಿಯ ವಿದ್ಯಾರ್ಥಿಯೂ ಕುಂದಾಪುರದ ವಿದ್ಯಾರ್ಥಿಯೂ ಓದಿದ್ದಾರೆ. ಅಲ್ಲಿನ ಚರ್ಚೆ ನಮ್ಮ ಚರ್ಚೆಯೂ ಹೌದು. ನಮ್ಮದು ಯಾವುದು, ಹೊರಗಿನದೆಷ್ಟು ಎಂದು ಪಠ್ಯಪುಸ್ತಕದ ಮೇಲೆ ನಾವು ಪದೇ ಪದೇ ಜಗಳವಾಡುವಾಗ, ಐದು ದೇಶಗಳು ಸೇರಿ ಇದನ್ನು ಹೇಗೆ ನಿಭಾಯಿಸಿವೆ ಎಂದು ನೋಡುವುದು ನಮಗೆ ಬೇಡವೆ?

ನನ್ನ ನಿಲುವು ಬದಲಾಗಿಲ್ಲ. ಎರಡೂ ವಿಭಾಗ ಇರಲಿ, ಪುಸ್ತಕ ಕಡಿಮೆಯಾಗಲಿ, ಆಫ್ರಿಕಾದ ಭಾಷೆಗಳಿಂದ ಅನುವಾದ ಬರಲಿ, ಎರಡನ್ನೂ ಒಟ್ಟಿಗೆ ನೋಡಿಸುವ ಕನಿಷ್ಠ ಒಂದು ಕಡ್ಡಾಯ ಪ್ರಶ್ನೆ ಬರಲಿ. ಆಕ್ಷೇಪ ಎತ್ತಿದ ಎಲ್ಲರಲ್ಲೂ ಒಂದು ವಿನಂತಿ ಇದೆ. 'ಸೆಕೆಂಡ್ ಕ್ಲಾಸ್ ಸಿಟಿಜನ್' ದೊಡ್ಡ ಪುಸ್ತಕವಲ್ಲ, 'ಲುಕ್ ಬ್ಯಾಕ್ ಇನ್ ಆ್ಯಂಗರ್' ಒಂದು ಸಂಜೆಯಲ್ಲಿ ಮುಗಿಯುತ್ತದೆ. ಎರಡನ್ನೂ ಒಂದರ ಹಿಂದೊಂದು ಓದಿ. ಓದಿದ ಮೇಲೂ ಇವುಗಳಲ್ಲಿ ಒಂದನ್ನು ಹದಿನೇಳರ ಹುಡುಗಿಯ ಕೈಯಿಂದ ತೆಗೆದಿಡಬೇಕು ಎನಿಸಿದರೆ, ಯಾವುದನ್ನು ಮತ್ತು ಏಕೆ ಎಂದು ಬರೆದು ತಿಳಿಸಿ.